ಟೆರೆ ಹೋಟ್ ಊರಿನ ಎರಡು ವಸಂತಗಳು

ಅಮೆರಿಕಾದ ಇಂಡಿಯಾನಾ ಸಂಸ್ಥಾನದ ಪಡುವಣ ಅಂಚಿನಲ್ಲಿ, ವಾಬಾಷ್ ನದಿಯ ದಂಡೆಯ ಮೇಲೆ, ಟೆರೆ ಹೋಟ್ ಎಂಬ ಊರೊಂದಿದೆ. ಹೆಸರು ಫ್ರೆಂಚರು ಇಟ್ಟದ್ದು. 'ಎತ್ತರದ ನೆಲ' ಎಂದು ಅದರ ಅರ್ಥ. ಅಲ್ಲಿಯ ಇಂಡಿಯಾನಾ ಸ್ಟೇಟ್ ವಿಶ್ವವಿದ್ಯಾಲಯವು ಮೊದಲು ಉಪಾಧ್ಯಾಯರನ್ನು ತಯಾರು ಮಾಡುವ ನಾರ್ಮಲ್ ಶಾಲೆಯಾಗಿದ್ದುದು. ಅದೇ ಸಂಸ್ಥಾನದ ಬ್ಲೂಮಿಂಗ್‌ಟನ್ನಿನಲ್ಲಿರುವ ಇಂಡಿಯಾನಾ ವಿಶ್ವವಿದ್ಯಾಲಯದ ವೈಭವ ಅದಕ್ಕೆ ಎಂದೂ ಇರಲಿಲ್ಲ. ಆದರೂ ಬ್ಯಾಸ್ಕೆಟ್‌ಬಾಲ್ ಆಟದ ದೆಸೆಯಿಂದ ಈ ಊರಿನ ಹೆಸರು ಎರಡು ಸಲ ಇಡೀ ದೇಶದ ಬಾಯಲ್ಲಿ ಬಂದಿತು. 1979ರ ವಸಂತದಲ್ಲಿ ಒಮ್ಮೆ, 2024ರ ವಸಂತದಲ್ಲಿ ಇನ್ನೊಮ್ಮೆ. ಎರಡು ಸಲವೂ ಆ ತಂಡದ ಬಲ ಬಹುಮಟ್ಟಿಗೆ ಬೇರೆ ಕಾಲೇಜುಗಳಿಂದ ಬಂದು ಸೇರಿದ ಹುಡುಗರದು. ಮೊದಲ ಸಲ ಬಂದವನು ಅಲ್ಲಿಯೇ ನಿಂತನು. ಎರಡನೆಯ ಸಲದವರು ವಸಂತ ಮುಗಿಯುವಷ್ಟರಲ್ಲಿ ಚದುರಿಹೋದರು. ನಡುವಣ ನಲವತ್ತೈದು ವರ್ಷಗಳಲ್ಲಿ ಬದಲಾದದ್ದು ಹುಡುಗರ ಮನಸ್ಸೋ, ಕಾನೂನೋ, ಹಣವೋ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅದನ್ನು ಬೆನ್ನಟ್ಟಿ ಓದಿದ ಚರಿತ್ರೆಯನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ನಮ್ಮಲ್ಲಿ ಕಾಲೇಜಿನ ಆಟವೆಂದರೆ ಪಾಠ ಮುಗಿದ ಮೇಲೆ ಸಂಜೆಯ ವಿನೋದ. ಅಮೆರಿಕಾದಲ್ಲಿ ಹಾಗಲ್ಲ. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಚಳಿಗಾಲಕ್ಕೆಂದು ಹೊಸ ಆಟವೊಂದನ್ನು ಯೋಚಿಸಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮಹಡಿಯ ಕಟಾಂಜನಕ್ಕೆ ಬಡಿಸಿದರಷ್ಟೆ. ಆ ಬುಟ್ಟಿಯ ಆಟ ಈಗ ಅಲ್ಲಿಯ ವಿಶ್ವವಿದ್ಯಾಲಯಗಳ ದೊಡ್ಡ ವ್ಯವಹಾರ. ಮೇಲಿನ ದರ್ಜೆಯೊಂದರಲ್ಲಿಯೇ ಮುನ್ನೂರೈವತ್ತಕ್ಕೂ ಹೆಚ್ಚು ಕಾಲೇಜುಗಳಿವೆ. ಪ್ರತಿ ಮಾರ್ಚಿಯಲ್ಲಿ ಅವುಗಳಲ್ಲಿ 68 ತಂಡಗಳು ಒಂದು ಮಹಾ ಪಂದ್ಯಾವಳಿಗೆ ಇಳಿಯುತ್ತವೆ. ಒಂದು ಸಲ ಸೋತವರು ಮನೆಗೆ. ಇಪ್ಪತ್ತು ಸಾವಿರ ಜನ ಕೂರುವ ಅಂಗಣವುಳ್ಳ ಕಾಲೇಜೂ, ಹೆಸರನ್ನು ನೆರೆಯ ಸಂಸ್ಥಾನದವರೇ ಕೇಳದ ಕಾಲೇಜೂ ಅಲ್ಲಿ ಎದುರುಬದುರಾಗುತ್ತವೆ. ಚಿಕ್ಕದು ದೊಡ್ಡದನ್ನು ಕೆಡಹುವುದನ್ನು ನೋಡುವುದಕ್ಕಾಗಿಯೇ ಜನ ಕಾದಿರುತ್ತಾರೆ.

ಆಟಗಾರ ಒಂದು ಕಾಲೇಜನ್ನು ಬಿಟ್ಟು ಇನ್ನೊಂದನ್ನು ಸೇರುವುದು ಈ ವ್ಯವಸ್ಥೆಯಷ್ಟೇ ಹಳೆಯದು. ಬ್ಯಾಸ್ಕೆಟ್‌ಬಾಲಿಗಿಂತ ಮೊದಲೇ ಅವರ ಫುಟ್‌ಬಾಲಿನಲ್ಲಿ ಈ ರೋಗ ಕಾಣಿಸಿಕೊಂಡಿತ್ತು. 1896ರಲ್ಲಿ ಫೀಲ್ಡಿಂಗ್ ಯೋಸ್ಟ್ ಎಂಬ ಕಾನೂನು ವಿದ್ಯಾರ್ಥಿ ವೆಸ್ಟ್ ವರ್ಜಿನಿಯಾದಿಂದ ಲಾಫಾಯೆಟ್ ಕಾಲೇಜಿಗೆ ಹೋಗಿ ಹೆಸರು ಬರೆಸಿ, 36 ಪಂದ್ಯಗಳನ್ನು ಸತತವಾಗಿ ಗೆದ್ದಿದ್ದ ಪೆನ್ಸಿಲ್ವೇನಿಯಾದವರನ್ನು ಸೋಲಿಸುವುದರಲ್ಲಿ ಭಾಗಿಯಾಗಿ, ಮತ್ತೆ ತನ್ನ ಹಳೆಯ ಕಾಲೇಜಿಗೇ ಬಂದು ಕುಳಿತನು! ಮುಂದೆ ಅವನೇ ಮಿಷಿಗನ್ನಿನ ಹೆಸರಾಂತ ಕೋಚ್ ಆದನೆಂಬುದು ಬೇರೆ ಮಾತು. ಇಂಥ ಅಲೆಮಾರಿ ಆಟಗಾರರನ್ನು ತಡೆಯುವುದಕ್ಕಾಗಿ ಹುಟ್ಟಿದ ಕಟ್ಟಳೆಯೇ ವಾಸದ ವರ್ಷ. ಕಾಲೇಜು ಬದಲಿಸಿದವನು ಹೊಸ ಜಾಗದಲ್ಲಿ ಒಂದು ವರ್ಷ ಇದ್ದು ಓದಬೇಕು. ಅಭ್ಯಾಸಕ್ಕೆ ಬರಬಹುದು, ಪಂದ್ಯದಲ್ಲಿ ಮಾತ್ರ ಬೆಂಚಿನ ಮೇಲೆ. ನಮ್ಮ ಕರಾವಳಿಯಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನದ ವೇಷಧಾರಿ ಮೇಳ ಬದಲಿಸುವುದುಂಟು. ಅದಕ್ಕಾಗಿ ಅವನನ್ನು ಒಂದು ತಿರುಗಾಟದುದ್ದಕ್ಕೂ ಚೌಕಿಯಲ್ಲಿ ಕೂರಿಸಿದರೆಂದು ನಾನು ಕೇಳಿಲ್ಲ.

ಆದರೆ ಚರಿತ್ರೆಯ ವಿನೋದವೆಂದರೆ, ಆಟದ ಅತ್ಯಂತ ದೊಡ್ಡ ಕೆಲವು ಹೆಸರುಗಳು ಈ ಬೆಂಚಿನ ಮೇಲಿನಿಂದಲೇ ಎದ್ದು ಬಂದವು.

ಎಲ್ಜಿನ್ ಬೇಲರನ ಕತೆ ನೋಡಿ. ರಾಜಧಾನಿ ವಾಷಿಂಗ್‌ಟನ್ನಿನ ಕರಿಯ ಹುಡುಗ. ವರ್ಣಭೇದದ ಶಾಲೆಗಳ ಕಾಲ. ಅವನ ಆಟವನ್ನು ಕಂಡವರು ಬೆರಗಾಗುತ್ತಿದ್ದರಾದರೂ ದೊಡ್ಡ ಕಾಲೇಜುಗಳು ಅವನನ್ನು ಕರೆಯಲಿಲ್ಲ. ಸ್ನೇಹಿತನೊಬ್ಬನ ಮೂಲಕ 1954ರಲ್ಲಿ ದೇಶದ ಇನ್ನೊಂದು ಕೊನೆಯಲ್ಲಿದ್ದ ಕಾಲೇಜ್ ಆಫ್ ಐಡಾಹೋ ಎಂಬ ಸಣ್ಣ ಕಾಲೇಜಿಗೆ ಸೇರಿದನು, ಅದೂ ಫುಟ್‌ಬಾಲಿನ ವಿದ್ಯಾರ್ಥಿವೇತನದ ಮೇಲೆ. ಒಂದು ವರ್ಷ ಆಡುವಷ್ಟರಲ್ಲಿ ಆ ಕಾಲೇಜು ಕೋಚನ್ನು ತೆಗೆದು, ವಿದ್ಯಾರ್ಥಿವೇತನಗಳನ್ನೂ ಮೊಟಕು ಮಾಡಿತು. ಬೇಲರ್ ಸಿಯಾಟಲ್ ವಿಶ್ವವಿದ್ಯಾಲಯಕ್ಕೆ ಹೊರಟನು. ಕಾಯಬೇಕಾದ ಆ ಒಂದು ವರ್ಷ ಕಾರು ಮಾರುವ ಕಂಪನಿಯೊಂದರ ಹವ್ಯಾಸಿ ತಂಡಕ್ಕೆ ಆಡಿಕೊಂಡಿದ್ದನು. 1958ರಲ್ಲಿ ಅದೇ ಸಿಯಾಟಲ್ ತಂಡವನ್ನು ಅವನು ರಾಷ್ಟ್ರದ ಅಂತಿಮ ಪಂದ್ಯಕ್ಕೆ ಒಯ್ದನು. ಎದುರಿಗೆ ಕೆಂಟಕಿ, ಪಂದ್ಯ ನಡೆದದ್ದೂ ಕೆಂಟಕಿಯ ಲೂಯಿವಿಲ್ಲಿನಲ್ಲಿ. 84-72ರಿಂದ ಸೋತರು. ಆದರೂ ಪಂದ್ಯಾವಳಿಯ ಶ್ರೇಷ್ಠ ಆಟಗಾರನೆಂಬ ಗೌರವ ಸೋತ ತಂಡದ ಬೇಲರನಿಗೇ ಸಂದಿತು. ಒಬ್ಬ ವರ್ಗವಾಗಿ ಬಂದ ಹುಡುಗನಿಂದ ಒಂದು ಊರು ಭೂಪಟದ ಮೇಲೆ ಬಂದ ಮೊದಲ ದೊಡ್ಡ ನಿದರ್ಶನಗಳಲ್ಲಿ ಇದೊಂದು.

ಇನ್ನು ಟೆರೆ ಹೋಟಿಗೆ ಬರೋಣ. ಲ್ಯಾರಿ ಬರ್ಡ್ ಇಂಡಿಯಾನಾದ ಫ್ರೆಂಚ್ ಲಿಕ್ ಎಂಬ ಹಳ್ಳಿಯಂಥ ಊರಿನವನು; ಎರಡು ಸಾವಿರ ಜನ, ಬಡ ಕುಟುಂಬ. 1974ರಲ್ಲಿ ಬ್ಲೂಮಿಂಗ್‌ಟನ್ನಿನ ದೊಡ್ಡ ವಿಶ್ವವಿದ್ಯಾಲಯ ಅವನನ್ನು ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಂಡಿತು. ಅಲ್ಲಿ ಬಾಬ್ ನೈಟ್ ಎಂಬ ಮಹಾ ಕೋಚ್. ಇಡೀ ಸಂಸ್ಥಾನದ ಹುಡುಗರು ಕನಸು ಕಾಣುತ್ತಿದ್ದ ಸ್ಥಳ ಅದು. ಬರ್ಡ್ ಅಲ್ಲಿ ಒಂದು ತಿಂಗಳೂ ನಿಲ್ಲಲಿಲ್ಲ. ಮೂವತ್ತು ಸಾವಿರ ವಿದ್ಯಾರ್ಥಿಗಳ ಸಂತೆ, ಕೈಯಲ್ಲಿ ಕಾಸಿಲ್ಲ, ಉಳಿದವರಿಗಿರುವಂಥ ಬಟ್ಟೆಬರೆಯಿಲ್ಲ. ಯಾರಿಗೂ ದೊಡ್ಡದಾಗಿ ಹೇಳದೆ ಊರಿಗೆ ಮರಳಿದನು. ಊರಿನ ಪುರಸಭೆಯಲ್ಲಿ ಕೆಲಸಕ್ಕೆ ಸೇರಿ ಕಸದ ಗಾಡಿಯ ಹಿಂದೆ ಹೋದನು, ರಸ್ತೆ ದುರಸ್ತಿ ಮಾಡಿದನು. 1975ರಲ್ಲಿ ತಂದೆ ತಾವಾಗಿ ಜೀವ ಕಳೆದುಕೊಂಡರು. ಆ ವರ್ಷವೇ ಟೆರೆ ಹೋಟಿನ ಚಿಕ್ಕ ವಿಶ್ವವಿದ್ಯಾಲಯದವರು ಅವನ ಮನೆಯ ಬಾಗಿಲಿಗೆ ಹೋಗಿ ಬಿಡದೆ ಮಾತಾಡಿಸಿ ಕರೆತಂದರು. ಕಟ್ಟಳೆಯಂತೆ 1975-76ರ ಋತುವಿಡೀ ಅವನು ಆಡುವಂತಿರಲಿಲ್ಲ. ಅಭ್ಯಾಸದಲ್ಲಿ ಮಾತ್ರ ತನ್ನ ತಂಡದವರನ್ನೇ ಸೋಲಿಸುತ್ತಿದ್ದನು.

ಮುಂದಿನ ಮೂರು ವರ್ಷಗಳು ಅಮೆರಿಕಾದ ಕ್ರೀಡೆಯ ಚರಿತ್ರೆಗೆ ಸೇರಿವೆ. 1978ರಲ್ಲಿ ವೃತ್ತಿ ಆಟದ ಬಾಸ್ಟನ್ ಸೆಲ್ಟಿಕ್ಸ್ ತಂಡ ಅವನನ್ನು ಆರಿಸಿಕೊಂಡಿತು. ಆದರೂ ಉಳಿದೊಂದು ವರ್ಷವನ್ನು ಅವನು ಕಾಲೇಜಿನಲ್ಲಿಯೇ ಕಳೆದನು. ಆ ವರ್ಷ ಇಂಡಿಯಾನಾ ಸ್ಟೇಟ್ ಸತತವಾಗಿ 33 ಪಂದ್ಯಗಳನ್ನು ಗೆದ್ದಿತು. 1979ರ ಮಾರ್ಚಿ 26ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮಿಷಿಗನ್ ಸ್ಟೇಟ್ ತಂಡದ ಮ್ಯಾಜಿಕ್ ಜಾನ್ಸನ್ನನೆದುರು 75-64ರಿಂದ ಸೋತಿತು. ಟೆಲಿವಿಷನ್ ಉಳ್ಳ ಮನೆಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮನೆ ಆ ರಾತ್ರಿ ಅದನ್ನು ನೋಡಿತು. ಕಾಲೇಜು ಬ್ಯಾಸ್ಕೆಟ್‌ಬಾಲಿನ ಬೇರಾವ ಪಂದ್ಯಕ್ಕೂ ಅಷ್ಟು ಪಾಲು ಪ್ರೇಕ್ಷಕರು ಸಿಕ್ಕಿಲ್ಲ. ದೊಡ್ಡ ಕಡೆಯಿಂದ ಚಿಕ್ಕ ಕಡೆಗೆ ಇಳಿದುಬಂದವನು ಚಿಕ್ಕದನ್ನು ಹೀಗೆ ಎತ್ತರಕ್ಕೆ ಒಯ್ದದ್ದು ಆಶ್ಚರ್ಯವೇ. ಊರಿನ ಹೆಸರಿನ ಅರ್ಥ ಆ ವರ್ಷ ಸಾರ್ಥಕವಾಯಿತು ಎಂದು ಯಾರಾದರೂ ಚಮತ್ಕಾರವಾಗಿ ಹೇಳಿದ್ದರೂ ಹೇಳಿರಬಹುದು.

ಇಂಥದೇ ಇನ್ನೊಂದು ಕತೆ ಲಾಸ್ ಏಂಜಲೀಸಿನದು. ಫಿಲಡೆಲ್ಫಿಯಾದ ಒಂದೇ ಹೈಸ್ಕೂಲಿನ ಹ್ಯಾಂಕ್ ಗ್ಯಾದರ್ಸ್, ಬೋ ಕಿಂಬಲ್ ಎಂಬ ಇಬ್ಬರು ಗೆಳೆಯರು 1985ರಲ್ಲಿ ಅಲ್ಲಿಯ ದೊಡ್ಡ ವಿಶ್ವವಿದ್ಯಾಲಯವಾದ ಸದರ್ನ್ ಕ್ಯಾಲಿಫೋರ್ನಿಯಾಕ್ಕೆ ಸೇರಿದರು. ವರ್ಷ ತುಂಬುವಾಗ ಅವರನ್ನು ಕರೆತಂದ ಕೋಚ್ ಹೋದರು. ಹೊಸಬರಿಗೂ ಇವರಿಗೂ ಹೊಂದಲಿಲ್ಲ. ಇಬ್ಬರೂ ಅದೇ ನಗರದ ಲೊಯೋಲಾ ಮೇರಿಮೌಂಟ್ ಎಂಬ ಪುಟ್ಟ ಜೆಸ್ವಿಟ್ ವಿದ್ಯಾಸಂಸ್ಥೆಗೆ ಬಂದು, ಒಂದು ವರ್ಷ ಬೆಂಚಿನ ಮೇಲೆ ಕೂತು, ಆಮೇಲೆ ಎದ್ದರು. 1988-89ರಲ್ಲಿ ಗ್ಯಾದರ್ಸ್ ಅಂಕಗಳಲ್ಲಿಯೂ ಮರುಚೆಂಡು ಹಿಡಿಯುವುದರಲ್ಲಿಯೂ ದೇಶಕ್ಕೇ ಮೊದಲಿಗನಾದನು. 1990ರ ಮಾರ್ಚಿ 4ರಂದು ತನ್ನ ಅಂಗಣದಲ್ಲಿಯೇ, ಪಂದ್ಯದ ನಡುವೆ ಕುಸಿದುಬಿದ್ದನು; ಹೃದಯದ ದೋಷ. ಇಪ್ಪತ್ತಮೂರು ವರ್ಷ. ಎರಡು ವಾರದೊಳಗೆ ಮಹಾ ಪಂದ್ಯಾವಳಿ. ಗ್ಯಾದರ್ಸ್ ದಂಡದ ಎಸೆತವನ್ನು ಎಡಗೈಯಿಂದ ಎಸೆಯುವುದನ್ನು ರೂಢಿಸಿಕೊಂಡಿದ್ದನು. ಬಲಗೈ ಆಟಗಾರನಾದ ಕಿಂಬಲ್ ಮೊದಲ ಪಂದ್ಯದ ತನ್ನ ಮೊದಲ ದಂಡದ ಎಸೆತವನ್ನು ಎಡಗೈಗೆ ತೆಗೆದುಕೊಂಡನು. ಚೆಂಡು ಬುಟ್ಟಿಯೊಳಗೆ ಬಿತ್ತು. ಆ ತಂಡ ಹಿಂದಿನ ವರ್ಷದ ಚಾಂಪಿಯನ್ನರಾದ ಮಿಷಿಗನ್ನನ್ನು 149-115ರಿಂದ ಸೋಲಿಸಿ ಕೊನೆಯ ಎಂಟರವರೆಗೆ ನಡೆಯಿತು.

ಇವನ್ನೆಲ್ಲ ಓದಿದವನಿಗೆ ವಾಸದ ವರ್ಷದ ಮೇಲೆ ಒಂದು ಬಗೆಯ ಮಮತೆ ಹುಟ್ಟುವ ಅಪಾಯವಿದೆ. ನಾನು ಆ ಮಮತೆಗೆ ಒಳಗಾಗಲಾರೆ. ಆ ಕಟ್ಟಳೆ ಅನ್ಯಾಯದ್ದು. ಗ್ಯಾದರ್ಸನನ್ನು ಕರೆತಂದ ಕೋಚ್ ಬೇರೆಡೆ ಕೆಲಸ ಹಿಡಿದರೆ ಮರುದಿನವೇ ಕೆಲಸ ಮಾಡಬಹುದಾಗಿತ್ತು. ಅವರನ್ನು ನಂಬಿ ಬಂದ ಹುಡುಗ ಮಾತ್ರ ಒಂದು ವರ್ಷ ಕೂರಬೇಕಾಗಿತ್ತು. ಟೆನಿಸ್, ಈಜು ಮುಂತಾದ ಆಟಗಳವರಿಗೆ ಒಂದು ಸಲದ ವಿನಾಯಿತಿ ಇತ್ತು. ಕಾಲೇಜಿಗೆ ಹಣ ತರುತ್ತಿದ್ದ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲಿನವರಿಗೇ ಅದಿರಲಿಲ್ಲ. ಅದು ಸಾಲದೆಂಬಂತೆ, ಬೇರೆ ಕಾಲೇಜಿನೊಡನೆ ವಿದ್ಯಾರ್ಥಿವೇತನದ ಮಾತಾಡುವುದಕ್ಕೂ ಹಳೆಯ ಕಾಲೇಜಿನ ಅಪ್ಪಣೆ ಬೇಕಿತ್ತು. ವಿದ್ಯೆಯ ಹಿತಕ್ಕಾಗಿ ಈ ಕಟ್ಟಳೆ ಎಂದು ಎನ್.ಸಿ.ಎ.ಎ. ಸಂಘ ಹೇಳುತ್ತಿತ್ತು. ಹಾಗಾದರೆ ಈಜುವವನ ವಿದ್ಯೆ ಯಾರಿಗೂ ಬೇಡವಾಗಿತ್ತೆ?

ಕಟ್ಟಳೆ ಒಮ್ಮೆಗೇ ಬೀಳಲಿಲ್ಲ. ಮಳೆಗೆ ಮಣ್ಣಿನ ಗೋಡೆ ಕರಗುವಂತೆ ಕರಗಿತು. 2018ರ ಅಕ್ಟೋಬರಿನಲ್ಲಿ 'ಟ್ರಾನ್ಸ್‌ಫರ್ ಪೋರ್ಟಲ್' ಎಂಬ ಪಟ್ಟಿ ಬಂದಿತು. ಹೊರಡಬೇಕೆನ್ನುವವನು ಹೆಸರು ಬರೆಸಿದರೆ ಸಾಕು, ಅಪ್ಪಣೆ ಬೇಡ. 2021ರ ಏಪ್ರಿಲಿನಲ್ಲಿ ಎಲ್ಲ ಆಟಗಾರರಿಗೂ ಒಂದು ಸಲ ಬೆಂಚಿಲ್ಲದೆ ಬದಲಾಯಿಸುವ ಹಕ್ಕು ಸಿಕ್ಕಿತು. ಆ ವರ್ಷವೇ ಜುಲೈ 1ರಿಂದ ಆಟಗಾರ ತನ್ನ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದೆಂದಾಯಿತು. ಸ್ವಲ್ಪ ಮೊದಲು ಅಲ್ಲಿಯ ಸುಪ್ರೀಂ ಕೋರ್ಟು ಸಂಘದ ವಿರುದ್ಧ ಒಮ್ಮತದ ತೀರ್ಪು ಕೊಟ್ಟಿತ್ತು. 2023ರ ಡಿಸೆಂಬರಿನಲ್ಲಿ ವೆಸ್ಟ್ ವರ್ಜಿನಿಯಾದ ನ್ಯಾಯಾಲಯವೊಂದು ಎರಡನೆಯ ಸಲ ಬದಲಿಸುವವರ ಮೇಲಿದ್ದ ತಡೆಯನ್ನೂ ನಿಲ್ಲಿಸಿತು. ಯೋಸ್ಟ್ ಹೊರಟದ್ದೂ ಇದೇ ವೆಸ್ಟ್ ವರ್ಜಿನಿಯಾದಿಂದ! 2024ರ ಏಪ್ರಿಲಿನಲ್ಲಿ ಸಂಘ ಕೈಚೆಲ್ಲಿತು: ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು. 2025ರಲ್ಲಿ ಕಾಲೇಜುಗಳೇ ನೇರವಾಗಿ ಸಂಬಳ ಕೊಡುವುದಕ್ಕೂ ನ್ಯಾಯಾಲಯದ ಒಪ್ಪಿಗೆ ದೊರೆಯಿತು. ಮೊದಲ ವರ್ಷದ ಮಿತಿ ಎಲ್ಲ ಆಟಗಳಿಗೂ ಸೇರಿ ಕಾಲೇಜೊಂದಕ್ಕೆ ಸುಮಾರು ಎರಡು ಕೋಟಿ ಡಾಲರ್.

ನ್ಯಾಯ ಸಂದಿತು, ಸರಿ. ಆದರೆ ಹಳೆಯ ಕಾಲದಲ್ಲಿ ನೀರು ಎರಡು ಕಡೆಗೂ ಹರಿಯುತ್ತಿತ್ತು. ಈಗಲೂ ಮೇಲಿನವರ ಬೆಂಚಿನಲ್ಲಿ ಸ್ಥಳ ಸಿಗದವರು ಕೆಳಗೆ ಬರುವುದುಂಟು. ಆದರೆ ಅರಳಿದವನು ಮಾತ್ರ ಮೇಲಕ್ಕೇ ಹೋಗುತ್ತಾನೆ. 2022ರಲ್ಲಿ ಜರ್ಸಿ ಸಿಟಿಯ ಸೇಂಟ್ ಪೀಟರ್ಸ್ ಎಂಬ ಸಣ್ಣ ವಿಶ್ವವಿದ್ಯಾಲಯದ ತಂಡ ಕೆಂಟಕಿಯನ್ನು 85-79ರಿಂದ ಕೆಡಹಿ ಕೊನೆಯ ಎಂಟರವರೆಗೆ ಬಂದಿತು. ಹದಿನೈದನೆಯ ಶ್ರೇಣಿಯ ಯಾವ ತಂಡವೂ ಅಲ್ಲಿಯವರೆಗೆ ಬಂದದ್ದಿರಲಿಲ್ಲ. ನವಿಲು ಅವರ ಲಾಂಛನ. ಸೋತು ವಾರ ತುಂಬುವುದರೊಳಗೆ ಕೋಚ್ ಶಹೀನ್ ಹಾಲೋವೇ ಪಕ್ಕದ ಸೀಟನ್ ಹಾಲ್ ವಿಶ್ವವಿದ್ಯಾಲಯಕ್ಕೆ ಹೊರಟರು. ಮುಖ್ಯ ಆಟಗಾರರೂ ಒಬ್ಬೊಬ್ಬರಾಗಿ ಒಂದೊಂದು ದಿಕ್ಕಿಗೆ ಹೋದರು.

ಎರಡು ವರ್ಷದ ಮೇಲೆ ಟೆರೆ ಹೋಟಿನ ಎರಡನೆಯ ವಸಂತ. ಕನ್ನಡಕದ ರಾಬಿ ಅವಿಲಾ ಅದರ ಕಣ್ಮಣಿ. ಅವನ ಜೊತೆಯವರಲ್ಲಿ ಐಸೇಯಾ ಸ್ವೋಪ್, ರಯಾನ್ ಕಾನ್ವೆಲ್, ಜೇಸನ್ ಕೆಂಟ್ ಮೂವರೂ ಬೇರೆ ಕಾಲೇಜು ಬಿಟ್ಟು ಬಂದವರು; ಜೂಲಿಯನ್ ಲ್ಯಾರಿ ಐದನೆಯವನು. 28 ಪಂದ್ಯ ಗೆದ್ದರೂ ಮಹಾ ಪಂದ್ಯಾವಳಿಗೆ ಕರೆ ಬರಲಿಲ್ಲ. ಅಲ್ಲಿಗೆ ಕರೆಯಿಲ್ಲದವರು ಆಡುವ ಎನ್.ಐ.ಟಿ. ಪಂದ್ಯಾವಳಿಯಲ್ಲಿ ಅಂತಿಮಕ್ಕೆ ಬಂದು 79-77ರಿಂದ ಸೋತರು. ಗೆದ್ದದ್ದು ಸೀಟನ್ ಹಾಲ್. ಅದರ ಕೋಚ್ ಅದೇ ಹಾಲೋವೇ. ಕೆಲವೇ ದಿನಗಳಲ್ಲಿ ಟೆರೆ ಹೋಟಿನ ಕೋಚ್ ಜಾಷ್ ಶರ್ಟ್ಸ್ ಸೇಂಟ್ ಲೂಯಿಗೆ ಹೊರಟರು. ಅವಿಲಾ, ಸ್ವೋಪ್ ಅವರ ಹಿಂದೆಯೇ ಹೋದರು. ಕೆಂಟ್, ಲ್ಯಾರಿ ಟೆಕ್ಸಾಸಿಗೆ, ಕಾನ್ವೆಲ್ ಝೇವಿಯರಿಗೆ.

2025ರಲ್ಲಿ ರಾಷ್ಟ್ರದ ಚಾಂಪಿಯನ್ನಾದ ಫ್ಲಾರಿಡಾದ ತಂಡವನ್ನು ನೋಡಿದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಪಂದ್ಯಾವಳಿಯ ಶ್ರೇಷ್ಠನೆನಿಸಿದ ವಾಲ್ಟರ್ ಕ್ಲೇಟನ್ ಐಯೋನಾ ಎಂಬ ಚಿಕ್ಕ ಕಾಲೇಜಿನಲ್ಲಿ ಪಳಗಿದವನು. ವಿಲ್ ರಿಚರ್ಡ್ ಬೆಲ್‌ಮಾಂಟಿನಲ್ಲಿ, ಅಲೈಜಾ ಮಾರ್ಟಿನ್ ಫ್ಲಾರಿಡಾ ಅಟ್ಲಾಂಟಿಕ್‌ನಲ್ಲಿ. ಆ ವರ್ಷ ಕೊನೆಯ ಹದಿನಾರಕ್ಕೆ ಬಂದ ತಂಡಗಳೆಲ್ಲ ನಾಲ್ಕೇ ಶ್ರೀಮಂತ ಒಕ್ಕೂಟಗಳವು. ಚಿಕ್ಕವರ ಒಂದು ತಂಡವೂ ಇರಲಿಲ್ಲ. ಚಿಕ್ಕವರು ಬೆಳೆಸಿದ ಹುಡುಗರು ಮಾತ್ರ ಇದ್ದರು. ಸಸಿಮಡಿಯವನ ಕೆಲಸ ಸಸಿಮಡಿಯವನದು, ತೋಟ ಇನ್ನೊಬ್ಬನದು. ಕ್ಲೇಟನ್ ಹೋದದ್ದು ತಪ್ಪೆಂದು ನಾನು ಹೇಳಲಾರೆ. ಅವನ ಜಾಗದಲ್ಲಿ ನನ್ನ ಮಗನಿದ್ದರೂ ಹೋಗೆಂದೇ ಹೇಳುತ್ತಿದ್ದೆ. ಆದರೆ ಸಸಿಗೆ ಬೆಲೆ ಕಟ್ಟಿ ಚಿಕ್ಕ ಕಾಲೇಜಿಗೂ ಏನಾದರೂ ಸಲ್ಲಿಸುವ ಯೋಚನೆಯನ್ನು ಆ ಶ್ರೀಮಂತರು ಮಾಡದಿರುವುದು ನನಗೆ ಸರಿಕಾಣದು. ಯುರೋಪಿನ ಫುಟ್‌ಬಾಲಿನಲ್ಲಿ ಹುಡುಗನನ್ನು ಬೆಳೆಸಿದ ಕ್ಲಬ್ಬಿಗೆ ಒಂದು ಪಾಲು ಸಲ್ಲುವ ಪದ್ಧತಿ ಇದ್ದೇ ಇದೆ.

ಟೆರೆ ಹೋಟಿನ ಹಲ್ಮನ್ ಸೆಂಟರ್ ಎಂಬ ಅಂಗಣದ ಹೊರಗೆ 2013ರಲ್ಲಿ ಲ್ಯಾರಿ ಬರ್ಡನ ಕಂಚಿನ ಪ್ರತಿಮೆಯೊಂದನ್ನು ನಿಲ್ಲಿಸಿದ್ದಾರೆ. ಎತ್ತರ ಹದಿನೈದು ಅಡಿ. ಚೆಂಡನ್ನು ಎಸೆಯುವ ಭಂಗಿ. 2024ರ ನವೆಂಬರಿನಲ್ಲಿ ಹೊಸ ಋತು ತೊಡಗಿದಾಗ ಆ ಅಂಗಣದ ಒಳಗೆ ಆಡಲು ಬಂದ ತಂಡದಲ್ಲಿ ಹಿಂದಿನ ಏಪ್ರಿಲಿನ ಆ ಐವರ ಪೈಕಿ ಯಾರೂ ಇರಲಿಲ್ಲ.