ಒಂದೇ ನೂರು ಸಿ.ಸಿ., ಎರಡು ದಾರಿ

ಬೈಕ್ ಕೊಳ್ಳಬೇಕೆಂದು ಇಂದು ಷೋರೂಮಿಗೆ ಹೋದವನು ತಲೆ ಕೆರೆದುಕೊಳ್ಳುವಷ್ಟು ಮಾದರಿಗಳಿವೆ. ಆದರೆ 1985ರಿಂದ ಮುಂದಿನ ಹತ್ತು ಹನ್ನೊಂದು ವರ್ಷಗಳ ಕಾಲ ನಮ್ಮ ಊರುಗಳ ಹೋಟೆಲು ಕಟ್ಟೆ, ಬಸ್ ನಿಲ್ದಾಣ, ಕಾಲೇಜು ಕ್ಯಾಂಟೀನುಗಳಲ್ಲಿ ಚರ್ಚೆ ಹೆಚ್ಚಾಗಿ ಎರಡೇ ಹೆಸರುಗಳ ಸುತ್ತ ಸುತ್ತುತ್ತಿತ್ತು. ಹೀರೋ ಹೋಂಡಾ ಸಿಡಿ 100 ಕೊಳ್ಳುವುದೋ, ಯಮಹಾ ಆರ್‌ಎಕ್ಸ್ 100 ಕೊಳ್ಳುವುದೋ? ಎರಡೂ ಜಪಾನಿನ ತಂತ್ರಜ್ಞಾನದವು, ಎರಡೂ 1985ರಲ್ಲೇ ಭಾರತದ ರಸ್ತೆಗಿಳಿದವು. ಎರಡರ ಎಂಜಿನ್ನೂ ಹೆಚ್ಚು ಕಡಿಮೆ ನೂರು ಸಿ.ಸಿ.! ಆದರೂ ಒಂದನ್ನು ಕೊಂಡವನು ಇನ್ನೊಂದನ್ನು ಕೊಂಡವನನ್ನು ಕಂಡು ಮರುಕಪಡುತ್ತಿದ್ದ. 'ನಿನ್ನದು ಓಡುವುದೇ ಇಲ್ಲವಲ್ಲ' ಎಂದು ಇವನು, 'ನಿನ್ನದು ಕುಡಿದೇ ಸಾಯುತ್ತದಲ್ಲ' ಎಂದು ಅವನು.

ಈ ಜಗಳ ನಮ್ಮ ಮನೆಯಲ್ಲೂ ನಡೆದಿತ್ತು. 1993ರಲ್ಲಿ ಶಾಲಾ ಮಾಸ್ತರರಾಗಿದ್ದ ನನ್ನ ತಂದೆ ಸಿಡಿ 100 ಕೊಂಡರು. ಅದೇ ವರ್ಷ ಚಿಕ್ಕಪ್ಪ ಆರ್‌ಎಕ್ಸ್ 100 ತಂದು ಅಂಗಳದಲ್ಲಿ ನಿಲ್ಲಿಸಿದರು. ಆಗಿನ್ನೂ ನಾನು ಹುಟ್ಟಿರಲಿಲ್ಲ. ಆದರೆ ಹಬ್ಬಕ್ಕೆ ಸೇರಿದಾಗಲೆಲ್ಲ ಅಣ್ಣತಮ್ಮಂದಿರು ಅದೇ ವಾದವನ್ನು ಮತ್ತೆ ತೆಗೆಯುವುದನ್ನು ಕೇಳುತ್ತಲೇ ಬೆಳೆದೆ. ಅವರಲ್ಲಿ ಯಾರ ಮಾತು ಸರಿ? ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾದು ಕೊಳ್ಳುವ ಕಾಲ

ಎಪ್ಪತ್ತರ ದಶಕದಲ್ಲಿ ಯಾರು ಎಷ್ಟು ವಾಹನ ತಯಾರಿಸಬೇಕೆಂಬುದನ್ನು ಸರ್ಕಾರದ ಲೈಸೆನ್ಸ್ ನಿರ್ಧರಿಸುತ್ತಿತ್ತು. ಸ್ಕೂಟರಿಗೆ ಹಣ ಕಟ್ಟಿ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಮೋಟಾರ್ ಸೈಕಲ್ ಬೇಕೆಂದರೆ ಮುಖ್ಯವಾಗಿ ಇದ್ದದ್ದು ಮೂರು: ಮದರಾಸಿನ ಎನ್‌ಫೀಲ್ಡ್ ಬುಲೆಟ್, ಎಸ್ಕಾರ್ಟ್ಸ್ ಕಂಪೆನಿಯ ರಾಜದೂತ್ ಹಾಗೂ ನಮ್ಮದೇ ಮೈಸೂರಿನ ಜಾವಾ-ಯೆಜ್ದಿ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯನ್ನು 1960ರಲ್ಲಿ ಸ್ಥಾಪಿಸಿದವರು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ. ಜೆಕೊಸ್ಲೊವಾಕಿಯಾದ ಜಾವಾ ಕಂಪೆನಿಯ ಪರವಾನಗಿಯಲ್ಲಿ 1961ರಿಂದ ಅಲ್ಲಿ ಗಾಡಿಗಳು ಹೊರಬಂದವು. ಎಪ್ಪತ್ತರ ದಶಕದಲ್ಲಿ ಅವುಗಳ ಹೆಸರು ಯೆಜ್ದಿ ಎಂದಾಯಿತು. ಎರಡು ಸೈಲೆನ್ಸರ್ ಹೊತ್ತ 250 ಸಿ.ಸಿ. ಗಾಡಿ ಅದು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್! ಗಟ್ಟಿಮುಟ್ಟಾಗಿತ್ತು, ಕಚ್ಚಾ ರಸ್ತೆಗೆ ಹೇಳಿ ಮಾಡಿಸಿದಂತಿತ್ತು. ಆದರೆ ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಒಂದು ಲೀಟರಿಗೆ ಮೂವತ್ತು ಕಿಲೋಮೀಟರ್ ಓಡಿದರೆ ಅದೇ ಹೆಚ್ಚು.

ಅಷ್ಟರಲ್ಲಿ 1973ರಲ್ಲೊಮ್ಮೆ, 1979ರಲ್ಲಿ ಇನ್ನೊಮ್ಮೆ ಜಗತ್ತಿನ ತೈಲ ಮಾರುಕಟ್ಟೆ ಕಂಪಿಸಿತು. ತೈಲವನ್ನು ಆಮದು ಮಾಡಿಕೊಳ್ಳುವ ಭಾರತಕ್ಕೆ ಪೆಟ್ರೋಲ್ ಉಳಿಸುವ ಸಣ್ಣ ಎಂಜಿನ್ ಬೇಕಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಸರ್ಕಾರ ನೂರು ಸಿ.ಸಿ.ವರೆಗಿನ ದ್ವಿಚಕ್ರ ವಾಹನಗಳಿಗೆ ವಿದೇಶಿ ಸಹಯೋಗದ ಬಾಗಿಲು ತೆರೆಯಿತು. ಎರಡೂ ಗಾಡಿಗಳ ಎಂಜಿನ್ ನೂರರ ಗೆರೆಯ ಒಳಗೇ ನಿಂತದ್ದರ ಗುಟ್ಟು ಇದೇ. ಸಿಡಿ 100ರದು 97.2 ಸಿ.ಸಿ., ಆರ್‌ಎಕ್ಸ್ 100ರದು 98 ಸಿ.ಸಿ.

ಮೊದಲು ಬಂದದ್ದು ಸುಜುಕಿ. ಬೆಂಗಳೂರಿನ ಪಕ್ಕದ ಹೊಸೂರಿನಿಂದ 1984ರಲ್ಲಿ ಇಂಡ್-ಸುಜುಕಿ ಎಎಕ್ಸ್ 100 ಹೊರಬಿತ್ತು. ಲುಧಿಯಾನದಲ್ಲಿ ಸೈಕಲ್ ತಯಾರಿಸಿ ಹೆಸರು ಮಾಡಿದ್ದ ಹೀರೋ ಬಳಗ ಹೋಂಡಾದ ಕೈಹಿಡಿದು, 1985ರಲ್ಲಿ ಹರಿಯಾಣದ ಧಾರೂಹೇಡಾದಿಂದ ಸಿಡಿ 100 ತಂದಿತು. ಅದೇ ವರ್ಷದ ಕೊನೆಯಲ್ಲಿ ಎಸ್ಕಾರ್ಟ್ಸ್ ಮೂಲಕ ಯಮಹಾದ ಆರ್‌ಎಕ್ಸ್ 100 ಬಂತು. ಅದರ ಮೊದಲ ಗಾಡಿಗಳು ಜಪಾನಿನಿಂದ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾದವು.

ಹಮಾಮಾತ್ಸುವಿನ ದಾಯಾದಿಗಳು

ಸ್ವಾರಸ್ಯವೆಂದರೆ ಹೋಂಡಾ ಮತ್ತು ಯಮಹಾ ಎರಡರ ತವರೂ ಜಪಾನಿನ ಹಮಾಮಾತ್ಸು ಎಂಬ ಒಂದೇ ಪಟ್ಟಣ. ಸುಜುಕಿಯ ಊರೂ ಅದೇ!

ತೊರಾಕುಸು ಯಮಹಾ ಎಂಬ ಕುಶಲಕರ್ಮಿ 1887ರಲ್ಲಿ ಅಲ್ಲಿನ ಶಾಲೆಯೊಂದರ ಕೆಟ್ಟ ಆರ್ಗನ್ ವಾದ್ಯವನ್ನು ರಿಪೇರಿ ಮಾಡಿ, ತಾನೇ ಅಂಥದ್ದೊಂದನ್ನು ತಯಾರಿಸಲು ಹೊರಟ. ಅಲ್ಲಿಂದ ಬೆಳೆದ ಸಂಗೀತ ವಾದ್ಯಗಳ ಕಂಪೆನಿ 1955ರಲ್ಲಿ ಮೋಟಾರ್ ಸೈಕಲ್ಲಿಗೂ ಕೈಹಾಕಿತು. ಯಮಹಾ ಬೈಕಿನ ಟ್ಯಾಂಕಿನ ಮೇಲಿನ ಲಾಂಛನವನ್ನು ಹತ್ತಿರದಿಂದ ನೋಡಿ. ಅಲ್ಲಿರುವುದು ಮೂರು ಶ್ರುತಿಕವೆಗಳು. ಆರ್‌ಎಕ್ಸ್‌ನ ಶಬ್ದವನ್ನೇ ಸಂಗೀತವೆಂದು ಆಲಿಸುವ ಅಭಿಮಾನಿಗಳಿಗೆ ಈ ಸಂಗತಿ ಖುಷಿ ಕೊಡಬಹುದು. ಯಮಹಾದ ಮೊದಲ ಗಾಡಿ 125 ಸಿ.ಸಿ.ಯ ಟೂ-ಸ್ಟ್ರೋಕ್.

ಅದೇ ಊರಿನಲ್ಲಿ 1948ರಲ್ಲಿ ಕಂಪೆನಿ ಕಟ್ಟಿದ ಸೊಯಿಚಿರೊ ಹೋಂಡಾ ಕೂಡ ಟೂ-ಸ್ಟ್ರೋಕ್‌ನಿಂದಲೇ ಆರಂಭಿಸಿದವರು. ಆದರೆ ಅವರ ಮನಸ್ಸು ಒಲಿದದ್ದು ಫೋರ್-ಸ್ಟ್ರೋಕ್ ಎಂಜಿನ್ನಿಗೆ. 1958ರ ಹೋಂಡಾ ಸೂಪರ್ ಕಬ್ ಎಂಬ ಪುಟ್ಟ ಗಾಡಿಯಲ್ಲಿ ಎಂಜಿನ್ ನಿಂತಿರಲಿಲ್ಲ, ಮಲಗಿತ್ತು. ಸಿಡಿ 100ರ ಎಂಜಿನ್ ಕೂಡ ಹಾಗೆಯೇ ಮಲಗಿದ್ದದ್ದು ಕಾಕತಾಳೀಯವಲ್ಲ. ಸೂಪರ್ ಕಬ್ ಎಷ್ಟು ಜನಪ್ರಿಯವಾಯಿತೆಂದರೆ 2017ರ ಹೊತ್ತಿಗೆ ಆ ಬಳಗದ ಗಾಡಿಗಳ ಒಟ್ಟು ತಯಾರಿಕೆ ಹತ್ತು ಕೋಟಿ ಮುಟ್ಟಿತು.

ಎಂಬತ್ತರ ದಶಕದ ಆರಂಭದಲ್ಲಿ ಹೋಂಡಾವನ್ನು ಮೀರಿಸುತ್ತೇನೆಂದು ಯಮಹಾ ಪಂಥ ಕಟ್ಟಿತು. ಹೋಂಡಾ ಒಂದರ ಹಿಂದೊಂದು ಹೊಸ ಮಾದರಿಗಳನ್ನು ಸುರಿದು ಉತ್ತರ ಕೊಟ್ಟಿತು. 1983ರಲ್ಲಿ ಯಮಹಾ ಸೋಲೊಪ್ಪಿಕೊಂಡಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಇಬ್ಬರು ಎದುರಾಳಿಗಳೂ ಭಾರತದ ರಸ್ತೆಯಲ್ಲಿ ಮತ್ತೆ ಮುಖಾಮುಖಿಯಾಗಿದ್ದರು.

ಎಂಜಿನ್ನಿನ ಒಳಗಿನ ಕತೆ

ಎರಡೂ ಗಾಡಿಗಳ ನಡುವಿನ ಅಂತರವೆಲ್ಲ ಎಂಜಿನ್ ಉಸಿರಾಡುವ ರೀತಿಯಲ್ಲಿದೆ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಸಲ ಕೆಳಕ್ಕೆ, ಎರಡು ಸಲ ಮೇಲಕ್ಕೆ ಚಲಿಸುತ್ತದೆ. ಒಂದು ಚಲನೆಯಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಎಳೆದುಕೊಳ್ಳುತ್ತದೆ, ಎರಡನೆಯದರಲ್ಲಿ ಒತ್ತುತ್ತದೆ, ಮೂರನೆಯದರಲ್ಲಿ ಮಿಶ್ರಣ ಉರಿದು ಶಕ್ತಿ ಹುಟ್ಟುತ್ತದೆ, ನಾಲ್ಕನೆಯದರಲ್ಲಿ ಹೊಗೆಯನ್ನು ಹೊರದಬ್ಬುತ್ತದೆ. ಬಾಗಿಲು ತೆರೆದು ಮುಚ್ಚಲು ವಾಲ್ವುಗಳಿವೆ. ಒಟ್ಟಿನಲ್ಲಿ ಎರಡು ಸುತ್ತಿಗೆ ಒಂದು ಸಲ ಶಕ್ತಿ.

ಟೂ-ಸ್ಟ್ರೋಕ್ ಎಂಜಿನ್ ಇದೇ ಕೆಲಸವನ್ನು ಎರಡೇ ಚಲನೆಗಳಲ್ಲಿ ಮುಗಿಸುತ್ತದೆ. ಪ್ರತಿ ಸುತ್ತಿಗೂ ಒಂದು ಸಲ ಶಕ್ತಿ! ಹೀಗಾಗಿ ಅಷ್ಟೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಬಲ ಸಿಗುತ್ತದೆ. ಸಿಡಿ 100 ಕೊಡುತ್ತಿದ್ದದ್ದು ಏಳೂವರೆ ಅಶ್ವಶಕ್ತಿಯ ಆಸುಪಾಸು, ಆರ್‌ಎಕ್ಸ್ 100 ಕೊಡುತ್ತಿದ್ದದ್ದು ಹನ್ನೊಂದು. 250 ಸಿ.ಸಿ.ಯ ಯೆಜ್ದಿಯ ಶಕ್ತಿ ಹದಿಮೂರರ ಸುಮಾರು ಎಂಬುದನ್ನು ನೆನೆದರೆ ಆರ್‌ಎಕ್ಸ್‌ನ ಪೊಗರು ಅರ್ಥವಾದೀತು. ಗಾಡಿಯ ತೂಕವೋ ನೂರು ಕೆ.ಜಿ.ಯ ಆಸುಪಾಸು. ಆಕ್ಸಿಲರೇಟರ್ ತಿರುವಿದರೆ ಮುಂದಿನ ಚಕ್ರ ಹಗುರಾದಂತೆ ಅನಿಸುತ್ತಿದ್ದುದರಲ್ಲಿ ಆಶ್ಚರ್ಯವೇನು?

ಆದರೆ ಅವಸರಕ್ಕೆ ಬೆಲೆ ತೆರಬೇಕಲ್ಲ. ಟೂ-ಸ್ಟ್ರೋಕ್‌ನಲ್ಲಿ ಹೊಸ ಮಿಶ್ರಣ ಒಳಬರುವುದೂ ಹಳೆಯ ಹೊಗೆ ಹೊರಹೋಗುವುದೂ ಹೆಚ್ಚು ಕಡಿಮೆ ಒಟ್ಟೊಟ್ಟಿಗೇ ನಡೆಯುತ್ತದೆ. ಈ ತಳ್ಳಾಟದಲ್ಲಿ ಒಂದಿಷ್ಟು ಪೆಟ್ರೋಲ್ ಉರಿಯದೆಯೇ ಸೈಲೆನ್ಸರಿನ ದಾರಿ ಹಿಡಿಯುತ್ತದೆ. ಜೊತೆಗೆ ಎಂಜಿನ್ನಿನ ಒಳಗಿನ ಸವೆತ ತಪ್ಪಿಸಲು ಹಾಕುವ ಎಣ್ಣೆಯೂ ಪೆಟ್ರೋಲಿನೊಂದಿಗೇ ಉರಿಯುತ್ತದೆ. ಆರ್‌ಎಕ್ಸ್‌ನಲ್ಲಿ ಎಣ್ಣೆಗೆ ಪ್ರತ್ಯೇಕ ಟ್ಯಾಂಕೂ ಪಂಪೂ ಇದ್ದದ್ದರಿಂದ ಬೆರೆಸುವ ಕಷ್ಟ ತಪ್ಪಿತು. ಆದರೆ ಖರ್ಚು ತಪ್ಪಲಿಲ್ಲ, ನೀಲಿ ಹೊಗೆಯೂ ತಪ್ಪಲಿಲ್ಲ.

ಹಾಗೆಂದು ಆಗಿನ ಗ್ರಾಹಕ ಕಣ್ಣುಮುಚ್ಚಿ ಹೋಂಡಾ ಕಡೆ ಓಡಲಿಲ್ಲ. ಊರಿನ ಮೆಕ್ಯಾನಿಕ್‌ಗಳ ಕೈ ಪಳಗಿದ್ದದ್ದು ಟೂ-ಸ್ಟ್ರೋಕ್‌ನಲ್ಲಿ. ಸ್ಕೂಟರು, ರಾಜದೂತ್, ಯೆಜ್ದಿ ಎಲ್ಲವೂ ಅದೇ ಜಾತಿ. ವಾಲ್ವು, ಕ್ಯಾಮ್ ಇಲ್ಲದ ಆ ಎಂಜಿನ್ನನ್ನು ಬಿಚ್ಚಿ ಜೋಡಿಸುವುದು ಸುಲಭ. 'ಈ ಹೋಂಡಾ ಕೆಟ್ಟರೆ ಯಾರು ರಿಪೇರಿ ಮಾಡಬೇಕು?' ಎಂಬ ಅನುಮಾನ ಸಹಜವೇ ಆಗಿತ್ತು. ಅದಕ್ಕೆ ಕಂಪೆನಿ ಜಾಹೀರಾತಿನಲ್ಲಿ ಕೊಟ್ಟ ಉತ್ತರ ಮನೆಮಾತಾಯಿತು. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬುದು ಅದರ ತಾತ್ಪರ್ಯ. ಲೀಟರಿಗೆ 80 ಕಿಲೋಮೀಟರ್ ಎಂಬ ಘೋಷಣೆಯೂ ಇತ್ತು.

ಅಪ್ಪನ ಲೆಕ್ಕದ ಪುಸ್ತಕ

ನನ್ನ ತಂದೆ ಗಾಡಿ ಕೊಳ್ಳುವ ಮೊದಲು ಎರಡನ್ನೂ ಓಡಿಸಿ ನೋಡಿದ್ದರಂತೆ. ಮನಸ್ಸು ಆರ್‌ಎಕ್ಸ್ ಕಡೆಗೇ ಇತ್ತು ಎಂದು ಈಗಲೂ ಒಪ್ಪಿಕೊಳ್ಳುತ್ತಾರೆ. ಆದರೆ ಅವರ ಶಾಲೆ ಮನೆಯಿಂದ 14 ಕಿಲೋಮೀಟರ್ ದೂರ. ಹೋಗಿಬರಲು 28, ತಿಂಗಳಿಗೆ 25 ದಿನ ಎಂದರೆ 700 ಕಿಲೋಮೀಟರ್. ಸಿಡಿ 100 ಜಾಹೀರಾತಿನ 80 ಕೊಡದೆ 70 ಕೊಟ್ಟರೂ 10 ಲೀಟರ್ ಸಾಕು. ಆರ್‌ಎಕ್ಸ್ 45 ಕೊಟ್ಟರೆ ಹದಿನೈದೂವರೆ ಲೀಟರ್ ಬೇಕು. ವರ್ಷಕ್ಕೆ ಸುಮಾರು 65 ಲೀಟರಿನ ವ್ಯತ್ಯಾಸ! ಎಣ್ಣೆಯ ಖರ್ಚು ಬೇರೆ.

1990ರಲ್ಲಿ ಇರಾಕ್ ಕುವೈತಿನ ಮೇಲೆ ದಾಳಿ ಮಾಡಿದಾಗ ನಮ್ಮಲ್ಲಿ ಪೆಟ್ರೋಲ್ ಬೆಲೆ ಜಿಗಿದದ್ದು ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿತ್ತು. ಮನೆಯಲ್ಲಿ ಇಬ್ಬರು ತಂಗಿಯರ ಮದುವೆ ಬಾಕಿ ಇತ್ತು. ಅಪ್ಪ ಸಿಡಿ 100 ಕೊಂಡರು. ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಸಲ ಹಾಕಿಸಿದ ಪೆಟ್ರೋಲನ್ನೂ ಮೀಟರಿನ ಅಂಕಿಯನ್ನೂ ಬರೆದಿಟ್ಟರು. ಅದು ಇನ್ನೂ ಬೀರುವಿನಲ್ಲಿದೆ. ಅದರಲ್ಲಿ ಒಮ್ಮೆಯೂ 80 ಇಲ್ಲ, 65ಕ್ಕಿಂತ ಕೆಳಗಿಳಿದದ್ದೂ ಅಪರೂಪ.

ಚಿಕ್ಕಪ್ಪ ಇಂಥ ಲೆಕ್ಕ ಬರೆದವರಲ್ಲ. ಅವರಿಗೆ ಆಗ ಇಪ್ಪತ್ತಮೂರು, ಹೊಣೆ ಕಡಿಮೆ. ಘಾಟಿಯ ಏರಿನಲ್ಲಿ ಬಸ್ಸನ್ನು ಹಿಂದೆ ಹಾಕುವ ಸುಖಕ್ಕೆ ಲೀಟರಿನ ಲೆಕ್ಕ ಕಟ್ಟುವುದು ಹೇಗೆ ಎಂಬುದು ಅವರ ಪ್ರಶ್ನೆ. ನಿಜ ಹೇಳಬೇಕೆಂದರೆ, ಆ ಪ್ರಶ್ನೆಗೆ ಅಪ್ಪನ ನೋಟ್‌ಬುಕ್ಕಿನಲ್ಲಿ ಉತ್ತರವಿಲ್ಲ.

ತೀರ್ಪು ಕೊಟ್ಟ ವರ್ಷ

ಕೊನೆಗೆ ಈ ವಾದವನ್ನು ಮುಗಿಸಿದ್ದು ಗ್ರಾಹಕನೊಬ್ಬನೇ ಅಲ್ಲ, ಗಾಳಿಯೂ ಹೌದು. ನಗರಗಳ ಹೊಗೆಯಲ್ಲಿ ದ್ವಿಚಕ್ರ ವಾಹನಗಳ ಪಾಲು ದೊಡ್ಡದಾಗುತ್ತ ಬಂದಂತೆ ಸರ್ಕಾರ ಮಾಲಿನ್ಯದ ಮಿತಿಗಳನ್ನು ಬಿಗಿಗೊಳಿಸಿತು. 1991ರಲ್ಲಿ ಮೊದಲ ಮಿತಿ, 1996ರಲ್ಲಿ ಇನ್ನೂ ಬಿಗಿ, 2000ದಲ್ಲಿ ಮತ್ತಷ್ಟು. ದ್ವಿಚಕ್ರ ವಾಹನವೊಂದು ಕಿಲೋಮೀಟರಿಗೆ ಉಗುಳಬಹುದಾದ ಕಾರ್ಬನ್ ಮಾನಾಕ್ಸೈಡ್ 1996ರಲ್ಲಿ 4.5 ಗ್ರಾಂ ಇದ್ದದ್ದು 2000ದಲ್ಲಿ 2 ಗ್ರಾಮಿಗೆ ಇಳಿಯಿತು. ಉರಿಯದ ಪೆಟ್ರೋಲನ್ನೂ ಎಣ್ಣೆಯನ್ನೂ ಹೊರಬಿಡುವ ಟೂ-ಸ್ಟ್ರೋಕ್‌ಗೆ ಇದು ಕುತ್ತಿಗೆಗೆ ಬಂತು.

ಆರ್‌ಎಕ್ಸ್ 100ರ ತಯಾರಿಕೆ 1996ರಲ್ಲಿ ನಿಂತಿತು. ಅದರ ತಮ್ಮಂದಿರಾಗಿ ಬಂದ ಗಾಡಿಗಳು ಇನ್ನು ಕೆಲವು ವರ್ಷ ಓಡಿದವು. ಅದೇ 1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೂ ಬಾಗಿಲು ಹಾಕಿತು. ಪೆಟ್ರೋಲ್ ಉಳಿಸುವ ಜಪಾನೀ ಗಾಡಿಗಳ ಪೈಪೋಟಿ ಅದಕ್ಕೆ ಒಂದು ಮುಖ್ಯ ಕಾರಣ. ಎರಡು ಗಾಡಿಗಳಲ್ಲಿ ಯಾವುದು ಮೇಲು ಎಂದು ನಾವು ಕಟ್ಟೆಯ ಮೇಲೆ ವಾದ ಮಾಡುತ್ತಿದ್ದ ಅದೇ ಹೊತ್ತಿನಲ್ಲಿ, ನಮ್ಮ ನೆಲದ ಮೂರನೆಯ ಗಾಡಿಯೊಂದು ಸದ್ದಿಲ್ಲದೆ ಸೋಲುತ್ತಿತ್ತು. ಯಾದವಗಿರಿಯ ಸೈರನ್ ನಂಬಿ ಬದುಕಿದ್ದ ಸಂಸಾರಗಳ ಪಾಲಿಗೆ ಮೈಲೇಜಿನ ಲೆಕ್ಕಕ್ಕೆ ಬೇರೆಯೇ ಅರ್ಥವಿತ್ತು. ಜಾವಾ ಹೆಸರು 2018ರಲ್ಲೂ ಯೆಜ್ದಿ ಹೆಸರು 2022ರಲ್ಲೂ ಹೊಸ ಕಂಪೆನಿಯೊಂದರ ಗಾಡಿಗಳ ಮೇಲೆ ಮರಳಿ ಬಂದವು. ಮೈಸೂರಿನ ಆ ಕಾರ್ಖಾನೆ ಮಾತ್ರ ಮರಳಲಿಲ್ಲ.

ಸಿಡಿ 100ರ ಎಂಜಿನ್ 1994ರಲ್ಲಿ ಸ್ಪ್ಲೆಂಡರ್ ಎಂಬ ಹೊಸ ಮೈಯನ್ನು ಹೊಕ್ಕಿತು. 2001ರ ಹೊತ್ತಿಗೆ ಹೀರೋ ಹೋಂಡಾ ಜಗತ್ತಿನಲ್ಲೇ ಅತಿ ಹೆಚ್ಚು ದ್ವಿಚಕ್ರ ವಾಹನ ತಯಾರಿಸುವ ಕಂಪೆನಿಯಾಯಿತು. ಇಪ್ಪತ್ತಾರು ವರ್ಷಗಳ ಸಂಸಾರದ ಬಳಿಕ 2010ರಲ್ಲಿ ಹೀರೋ ಮತ್ತು ಹೋಂಡಾ ಬೇರೆಯಾಗಲು ನಿರ್ಧರಿಸಿದವು. ಹೋಂಡಾ 2013ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತನ್ನದೇ ಕಾರ್ಖಾನೆ ತೆರೆಯಿತು. ಆದರೆ 97.2 ಸಿ.ಸಿ.ಯ ಆ ಅಳತೆ ಸ್ಪ್ಲೆಂಡರಿನಲ್ಲಿ ಉಳಿದುಬಂದಿದೆ.

ಹಾಗಾದರೆ ಗೆದ್ದವರಾರು? ಅಪ್ಪನ ಸಿಡಿ 100 ಹದಿನೇಳು ವರ್ಷ ದುಡಿದು, 2010ರಲ್ಲಿ ಗುಜರಿಯವನ ತಕ್ಕಡಿ ಏರಿತು. ಅದಕ್ಕೆ ಯಾರೂ ಕಣ್ಣೀರು ಹಾಕಲಿಲ್ಲ. ಚಿಕ್ಕಪ್ಪನ ಆರ್‌ಎಕ್ಸ್ ಇನ್ನೂ ಇದೆ. ನೋಂದಣಿ ನವೀಕರಿಸಿ, ಹಸಿರು ತೆರಿಗೆ ಕಟ್ಟಿ ಉಳಿಸಿಕೊಂಡಿದ್ದಾರೆ. ಸಿಗ್ನಲ್‌ನಲ್ಲಿ ನಿಂತರೆ ನನ್ನ ವಯಸ್ಸಿನ ಹುಡುಗರು ಬಂದು 'ಕೊಡ್ತೀರಾ ಸಾರ್?' ಎಂದು ಕೇಳುತ್ತಾರೆ. ಕೊಂಡ ಬೆಲೆಯ ಹಲವು ಪಟ್ಟು ಹಣ ಕೊಡಲೂ ಸಿದ್ಧರಿರುತ್ತಾರೆ. ಹಳೆಯ ನೋಟ್‌ಬುಕ್ ತೆಗೆದು ಕೂಡಿಸಿದರೂ ಈ ಲೆಕ್ಕ ಅಪ್ಪನಿಗೆ ಒಗ್ಗುವುದಿಲ್ಲ.

ಕಳೆದ ಹಬ್ಬದಲ್ಲಿ ಚಿಕ್ಕಪ್ಪ ಇದನ್ನೇ ಹೇಳಿ ಚುಡಾಯಿಸಿದರು. ಅಪ್ಪ ನಕ್ಕು, 'ನಿನ್ನ ಅಕ್ಕಂದಿರ ಮದುವೆಗೆ ಸಾಲ ಮಾಡಿದವನು ನಾನಲ್ಲವೆ, ನನಗೆ ಅದೇ ಸರಿಯಾಗಿತ್ತು' ಎಂದರು. ಚಿಕ್ಕಪ್ಪ ತಿರುಗಿ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೀಲಿಕೈಯನ್ನು ಅಣ್ಣನ ಮುಂದಿಟ್ಟು, 'ಒಂದು ಸುತ್ತು ಹೋಗಿ ಬಾ' ಎಂದರು. ಎಪ್ಪತ್ತರ ಹತ್ತಿರದ ಅಪ್ಪ ಕಿಕ್ ಹೊಡೆದು ಹೊರಟರು. ಸದ್ದು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಅವರು ಮರಳಿ ಬಂದದ್ದು ಅರ್ಧ ಗಂಟೆಯ ಮೇಲೆ. ಎಷ್ಟು ಪೆಟ್ರೋಲ್ ಸುಟ್ಟಿತೆಂದು ಅವತ್ತು ಯಾರೂ ಬರೆದಿಡಲಿಲ್ಲ.