ದಂಡು ಬೀಡು ಬಿಟ್ಟ ನೆಲ, ಸಿಪಾಯಿಗೆ ಮಾತ್ರ ಜಾಗ ಇಲ್ಲ!

ಬೆಂಗಳೂರಿಂದ ಮೈಸೂರಿಗೆ ಹೋಗುವವರು ರಾಮನಗರ ಬಂದ ಕೂಡಲೇ ಬೆಟ್ಟದ ಕಡೆ ಕೈ ತೋರಿಸಿ ಹೇಳೋದು ಒಂದೇ ಮಾತು: ‘ಅದೇ ನೋಡಿ, ಶೋಲೆ ಬೆಟ್ಟ!’ ಗಬ್ಬರ್ ಸಿಂಗ್ ಎಲ್ಲರಿಗೂ ನೆನಪಿದ್ದಾನೆ. ತಪ್ಪೇನಿಲ್ಲ. ಆದರೆ ಅದೇ ರಾಮದೇವರಬೆಟ್ಟದ ಮೇಲೆ ನಿಜವಾದ ಕೋಟೆ ಇತ್ತು, ಕೋಟೆ ಕಾಯೋಕೆ ನಿಜವಾದ ಸಿಪಾಯಿಗಳಿದ್ದರು. ಅವರು ಯಾರಿಗೆ ನೆನಪಿದ್ದಾರೆ ಹೇಳಿ?

1791ರ ಮೇ ತಿಂಗಳು. ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋಗಿದ್ದ ಲಾರ್ಡ್ ಕಾರ್ನ್‌ವಾಲಿಸ್ ವಾಪಸ್ ಓಡಿಬಂದ. ದಂಡಿಗೆ ಅಕ್ಕಿ ಇಲ್ಲ, ಎತ್ತುಗಳಿಗೆ ಮೇವಿಲ್ಲ. ಎಳೆಯೋಕೆ ಎತ್ತು ಉಳಿಯದೆ ತನ್ನದೇ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಬೇಕಾಯಿತು. ಅವನಿಗೆ ಒಂದು ಪಾಠ ಗೊತ್ತಾಯಿತು. ಬೆಂಗಳೂರು-ಶ್ರೀರಂಗಪಟ್ಟಣ ದಾರಿಯಲ್ಲಿರುವ ಬೆಟ್ಟದ ಕೋಟೆಗಳು ಟಿಪ್ಪು ಕೈಯಲ್ಲಿ ಇರುವವರೆಗೆ ದವಸದ ಗಾಡಿ ಮುಂದೆ ಹೋಗಲ್ಲ. ಮಾಗಡಿಯ ಸಾವನದುರ್ಗ, ರಾಮಗಿರಿ, ಶಿವನಗಿರಿ, ಪಕ್ಕದ ಕುಣಿಗಲ್ ಸೀಮೆಯ ಹುತ್ರಿದುರ್ಗ, ಎಲ್ಲವೂ ಬೇಕು.

ಅದೇ ಡಿಸೆಂಬರ್‌ನಲ್ಲಿ ದಂಡು ಮಾಗಡಿ ಕಾಡಿಗೆ ಬಂತು. ಬಿದಿರು ಮೆಳೆ ಕಡಿದು, ದಾರಿ ಮಾಡಿ, ಬಂಡೆಗಳ ಮೇಲೆ ಫಿರಂಗಿ ಎಳೆದರು. ಡಿಸೆಂಬರ್ 21ರಂದು ಸಾವನದುರ್ಗ ಬಿತ್ತು. ದಾಳಿ ಮಾಡಿದವರಿಗೆ ಆದ ನಷ್ಟ ತೀರಾ ಅತ್ಯಲ್ಪ. ಒಳಗಿದ್ದವರು? ಕಿಲ್ಲೇದಾರ ಹೋರಾಡುತ್ತಲೇ ಸತ್ತ. ಓಡಿದವರಲ್ಲಿ ಎಷ್ಟೋ ಜನ ಪ್ರಪಾತಕ್ಕೆ ಬಿದ್ದರು. ಮುಂದಿನ ಕೆಲವೇ ದಿನಗಳಲ್ಲಿ ಉಳಿದ ಬೆಟ್ಟಗಳೂ ಕೈಬಿಟ್ಟವು. 1792ರ ಜನವರಿ ಕೊನೆಗೆ ಇಂಗ್ಲಿಷರು, ನಿಜಾಮ, ಮರಾಠರು, ಮೂವರ ದಂಡೂ ಹುತ್ರಿದುರ್ಗದ ಸುತ್ತ ಬೀಡು ಬಿಟ್ಟಿತು. ಸಾವಿರಾರು ಎತ್ತುಗಳು, ದವಸ ಹೊತ್ತ ಬಂಜಾರರು, ಡೇರೆಗಳು. ಅಂಥ ದಂಡು ನಿಂತು ಹೋದ ಮೇಲೆ ಆ ಊರಿನ ರೈತನ ಹೊಲದಲ್ಲಿ ಏನು ಉಳಿದಿರಬೇಕು, ನೀವೇ ಯೋಚನೆ ಮಾಡಿ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಯುದ್ಧ ಮುಗಿದ ಮೇಲೆ ಸಿಪಾಯಿ ಏನಾಗ್ತಾನೆ?

ಗೆದ್ದವನ ಕಥೆ ಸುಲಭ. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರಿನ ರೆಸಿಡೆಂಟ್ ಆದ ಬ್ಯಾರಿ ಕ್ಲೋಸ್ ಹೆಸರಲ್ಲಿ ಒಂದು ಊರೇ ಎದ್ದಿತು, ಕ್ಲೋಸ್‌ಪೇಟೆ. ಅದೇ ಇವತ್ತಿನ ರಾಮನಗರ. ಊರಿನ ಹೆಸರು ಹೋಯಿತು. ಜಿಲ್ಲೆಯ ಹೆಸರೂ 2025ರಲ್ಲಿ ಬೆಂಗಳೂರು ದಕ್ಷಿಣ ಆಯಿತು. ಆದರೆ ಸುಮಾರು 250 ಕೋಟಿ ವರ್ಷ ಹಳೆಯ ಈ ಬಂಡೆಗಳನ್ನು ಭೂವಿಜ್ಞಾನಿಗಳು ಇವತ್ತಿಗೂ ಕರೆಯೋದು ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ!

ಸೋತವನ ಕಥೆ? ಟಿಪ್ಪುವಿನ ಸೈನ್ಯ ಚದುರಿತು. ದಿವಾನ್ ಪೂರ್ಣಯ್ಯ ಜಾಣ. ಕೆಲಸ ಕಳೆದುಕೊಂಡ ಸಿಪಾಯಿ ಹಸಿದರೆ ನಾಡಿಗೆ ಅಪಾಯ ಅಂತ ಅವನಿಗೆ ಗೊತ್ತಿತ್ತು. ಕೆಲವರನ್ನು ಸಿಲ್ಲೇದಾರ್ ಕುದುರೆ ಪಡೆಗೆ ತಗೊಂಡ, ಕೆಲವರನ್ನು ಹಳ್ಳಿ ಕಾಯುವ ಕಂದಾಚಾರಕ್ಕೆ ಹಾಕಿದ. ಅದೇ ಮೈಸೂರು ಕುದುರೆ ಸವಾರರ ಪರಂಪರೆ ಮುಂದೆ ಮೈಸೂರು ಲ್ಯಾನ್ಸರ್ಸ್ ಆಗಿ 1918ರ ಸೆಪ್ಟೆಂಬರ್ 23ರಂದು ಹೈಫಾ ಊರಿಗೆ ನುಗ್ಗಿತು. ಅವರಿಗೆ ದೆಹಲಿಯಲ್ಲಿ ತೀನ್ ಮೂರ್ತಿ ಇದೆ, ಬೆಂಗಳೂರಲ್ಲಿ ಸ್ಮಾರಕ ಇದೆ. ಸಾವನದುರ್ಗದಲ್ಲಿ ಸತ್ತವನಿಗೆ?

ಅಮೆರಿಕದ ಕಡೆ ಒಮ್ಮೆ ನೋಡಿ. ಗೆಟಿಸ್ಬರ್ಗ್ ಯುದ್ಧಕ್ಕೆ 50 ವರ್ಷ ತುಂಬಿದಾಗ, 1913ರಲ್ಲಿ, ಅದೇ ರಣಭೂಮಿಯಲ್ಲಿ 50 ಸಾವಿರಕ್ಕೂ ಹೆಚ್ಚು ಹಳೇ ಸೈನಿಕರು ಡೇರೆ ಹಾಕಿ ಸೇರಿದರು. ಒಂದು ಕಾಲಕ್ಕೆ ಪರಸ್ಪರ ಗುಂಡು ಹಾರಿಸಿದ್ದ ಮುದುಕರು ಕೈ ಕುಲುಕಿದರು. ನಮ್ಮಲ್ಲಿ 1791ರ ಯುದ್ಧಕ್ಕೆ 50 ವರ್ಷ ತುಂಬಿದ್ದು 1841ರಲ್ಲಿ. ಆಗ ಆಳುತ್ತಿದ್ದವರು ಗೆದ್ದ ಕಡೆಯವರೇ. ಸೋತ ಸಿಪಾಯಿಯನ್ನು ಕರೆದು ಕೂರಿಸಿ ‘ಏನಾಯ್ತಪ್ಪಾ ಅವತ್ತು?’ ಅಂತ ಕೇಳುವವರು ಯಾರಿದ್ದರು? ಹಾಗಾಗಿ ಇವತ್ತು ನಾವು ಓದುವ ಸಾವನದುರ್ಗದ ಕಥೆ ಬಹುತೇಕ ಮುತ್ತಿಗೆ ಹಾಕಿದವರು ಬರೆದದ್ದು. ಕೋಟೆಯ ಒಳಗಿನ ಧ್ವನಿ ನಮ್ಮ ತನಕ ಬರಲೇ ಇಲ್ಲ.

ಅದನ್ನು ಈಗ ಸರಿಮಾಡೋಕೆ ಆಗಲ್ಲ. ಆದರೆ ಅದೇ ತಪ್ಪನ್ನು ಎರಡನೇ ಸಲ ಮಾಡಬೇಕಾ? 1971ರ ಯುದ್ಧಕ್ಕೆ 20ನೇ ವಯಸ್ಸಲ್ಲಿ ಹೋದವನಿಗೆ ಈಗ 70 ದಾಟಿ ಎಷ್ಟೋ ವರ್ಷ. ಡಿಸೆಂಬರ್ 16 ವಿಜಯ ದಿವಸ, ಐದು ದಿನ ಕಳೆದರೆ ಸಾವನದುರ್ಗ ಬಿದ್ದ ದಿನ. ಆ ವಾರದಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮಾಜಿ ಸೈನಿಕರು ಒಂದು ದಿನ ಒಂದೆಡೆ ಸೇರಲಿ. ದೊಡ್ಡ ವೇದಿಕೆ, ಹಾರ-ತುರಾಯಿ, ಮಂತ್ರಿಗಳ ಭಾಷಣ ಏನೂ ಬೇಡ. ಮಾಗಡಿಯಲ್ಲಿ ಒಂದು ಮೈದಾನ, ಒಂದು ಶಾಮಿಯಾನ, ಬಿಸಿ ಊಟ. ಎದುರಿಗೆ ಶಾಲೆ ಮಕ್ಕಳು, ಕೈಯಲ್ಲಿ ನೋಟ್‌ಬುಕ್. ಅಜ್ಜಂದಿರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ.

ಕೋಟೆ ಇನ್ನೂ ನೂರು ವರ್ಷ ಕಾಯುತ್ತೆ ಸ್ವಾಮಿ, ಅದು ಕಲ್ಲು. ಆ ಅಜ್ಜ ಕಾಯಲ್ಲ.