ಕೋಲಾರದ ಅಕಾಲ ಮುಪ್ಪು

ಮುಪ್ಪಿನಲ್ಲಿ ಎರಡು ಬಗೆ ಎನ್ನುತ್ತದೆ ಸುಶ್ರುತ ಸಂಹಿತೆ. ಕಾಲಕ್ಕೆ ಸರಿಯಾಗಿ ಬರುವುದು ಒಂದು, ಮೈಯನ್ನು ಕಾಯ್ದುಕೊಳ್ಳದೆ ಹೋದಾಗ ಅಕಾಲದಲ್ಲಿ ಬರುವುದು ಇನ್ನೊಂದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಹಳ್ಳಿಗಳಿಗೆ ಈ ಎರಡನೆಯದು ಕೊಳವೆಬಾವಿಯ ದಾರಿಯಲ್ಲಿ ಬಂತು. ಕುತ್ತಿಗೆ ಬಾಗುವುದಿಲ್ಲ, ಕುಕ್ಕರುಗಾಲಲ್ಲಿ ಕೂತವರು ನೆಲಕ್ಕೆ ಕೈಯೂರದೆ ಏಳಲಾರರು. ವಯಸ್ಸಾಯಿತು, ವಾಯು ಎಂದು ಮನೆಯವರು ಸುಮ್ಮನಾಗುತ್ತಾರೆ. ನೀರಿನ ಫ್ಲೋರೈಡ್ ಮೂಳೆಗೆ ಸೇರಿ ಕೀಲಿನ ಕಟ್ಟುಗಳನ್ನು ಗಡುಸು ಮಾಡಿರಬಹುದೆಂಬ ಅನುಮಾನ ತಡವಾಗಿ ಬರುತ್ತದೆ. ಹಾಗಾಗಿ ಈ ಸೀಮೆಯಲ್ಲಿ ಮುಪ್ಪು ತಡೆಯುವ ವೈದ್ಯದ ಚರಿತ್ರೆಯನ್ನು ನೀರಿನ ಚರಿತ್ರೆಯಿಂದಲೇ ಓದಬೇಕು.

ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಾಡು ಇದು, ಬದುಕಿದ್ದು ಕೆರೆಗಳಿಂದ. ಪಾಲಾರ್‌ಗೆ ಅಡ್ಡಕಟ್ಟಿದ ಬೇತಮಂಗಲದ ಕೆರೆಯಿಂದ ಹಿಡಿದು ಊರೂರಿನ ಕುಂಟೆಯವರೆಗೆ, ಕೆರೆ ತುಂಬಿದರೆ ಕೆಳಗಿನ ಕಪಿಲೆ ಬಾವಿಗಳಲ್ಲಿ ನೀರು ಮೇಲೇರುತ್ತಿತ್ತು. ಅದು ಈಚೆಗೆ ಸುರಿದ ಮಳೆಯ ನೀರು. ಸಾವಿರ ಅಡಿ ದಾಟಿದ ಕೊಳವೆಬಾವಿ ಎತ್ತುವುದು ಕಗ್ಗಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತು ಅದರ ಫ್ಲೋರೈಡನ್ನು ಕರಗಿಸಿಕೊಂಡ ನೀರನ್ನು. ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಎಂಬುದು ಭಾರತೀಯ ಮಾನಕದ ಮಿತಿ. ಫ್ಲೋರೋಸಿಸ್ ಎಂಬ ಈ ರೋಗ ಹೊಸದೇನಲ್ಲ. ನೆಲ್ಲೂರು ಜಿಲ್ಲೆಯಲ್ಲಿ ಇದನ್ನು ಗುರುತಿಸಿದ ವೈದ್ಯರ ವರದಿ 1937ರಲ್ಲೇ ಬಂದಿತ್ತು. ಹಾಗಾದರೆ ತೆರೆದ ಬಾವಿಯ ಕಾಲವೇ ಚೆನ್ನಾಗಿತ್ತೇ ಎಂದು ಯಾರಾದರೂ ಕೇಳಿಯಾರು. ಇಲ್ಲ. ಕಾಲರಾ, ನಾರುಹುಣ್ಣು ಹರಡಿದ್ದು ಅಂಥ ನೀರಿನಿಂದಲೇ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾದದ್ದರಲ್ಲಿ ಕೊಳವೆಬಾವಿಯ ಕೈಪಂಪಿನ ಪಾಲೂ ಇದೆ. ತಪ್ಪಿದ್ದು ಕೊರೆದದ್ದರಲ್ಲಲ್ಲ, ಕೆರೆಯನ್ನು ಹೂಳಿಗೆ ಬಿಟ್ಟು ಕೊರೆಯುತ್ತಲೇ ಹೋದದ್ದರಲ್ಲಿ. ಕೆರೆ ತುಂಬಿಸಿ ಅಂತರ್ಜಲ ಏರಿಸಲೆಂದು 2018ರಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಅದನ್ನು ಮೂರನೇ ಹಂತದವರೆಗೆ ಶುದ್ಧೀಕರಿಸಿ ಎಂಬ ಬೇಡಿಕೆ ನ್ಯಾಯವಾದದ್ದು. ಒಂದು ವಿಷ ತಗ್ಗಿಸಲು ಇನ್ನೊಂದನ್ನು ಒಪ್ಪಬೇಕಿಲ್ಲ.

ದೆಹಲಿಯ ಏಮ್ಸ್‌ನಲ್ಲಿ ಬಹುಕಾಲ ಈ ರೋಗವನ್ನು ಅಧ್ಯಯನ ಮಾಡಿದ ಎ.ಕೆ. ಸುಶೀಲಾ ಅವರ ದಾರಿ ಸರಳ: ಮೊದಲು ಫ್ಲೋರೈಡನ್ನು ಒಳಗೆ ಬಿಡಬೇಡಿ, ಆಮೇಲೆ ಕ್ಯಾಲ್ಸಿಯಂ, ಸಿ ಜೀವಸತ್ವ ತುಂಬಿದ ಊಟ ಕೊಡಿ. ಮುಪ್ಪು ತಡೆಯುವ ವೈದ್ಯವನ್ನು ಹೇಳುವ ಚರಕನ ರಸಾಯನ ಪ್ರಕರಣದಲ್ಲಿ ನೆಲ್ಲಿಗೆ ಸಿಕ್ಕಿರುವ ಹಿರಿಮೆಗೂ ಕೋಲಾರದ ರಾಗಿ, ಹಾಲು, ಬೆರಕೆ ಸೊಪ್ಪಿನ ಸಾರಿಗೂ ಇದರಲ್ಲಿ ಜಾಗವಿದೆ. ಊಟದೊಂದಿಗೆ ದಿನಕ್ಕೆ 10 ಗ್ರಾಂ ಹುಣಿಸೆ ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಹೋಯಿತೆಂದು 2002ರ ಒಂದು ಅಧ್ಯಯನ ಹೇಳಿತು. ಚಿಕ್ಕ ಅಧ್ಯಯನ, ಔಷಧವೆನ್ನಲು ಸಾಲದು. ನಾಟಿಯದೆಲ್ಲ ಒಳ್ಳೆಯದೂ ಅಲ್ಲ: ಜೀರ್ಣದ ಚೂರ್ಣಗಳ ಕಾಲಾ ನಮಕ್‌ನಲ್ಲೇ ಫ್ಲೋರೈಡ್ ಇರುತ್ತದೆ. ಗಡುಸಾದ ಬೆನ್ನುಮೂಳೆಯನ್ನು ಯಾವ ಪದ್ಧತಿಯೂ ಮೊದಲಿನಂತೆ ಮಾಡದು; ಉಳಿಸಿಕೊಳ್ಳಬಹುದಾದದ್ದು ಹಾಲುಹಲ್ಲು ಬೀಳದ ಮಕ್ಕಳನ್ನು. ಆ ಮಕ್ಕಳ ಮನೆಯಲ್ಲಿ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ಬರುತ್ತದೆ, ಮುದ್ದೆಯ ಎಸರಿಗೆ ಮಾತ್ರ ಬೋರ್‌ವೆಲ್ ನೀರು. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ದಟ್ಟವಾಗುತ್ತದೆ. ಬಸಿದು ಚೆಲ್ಲಲು ಮುದ್ದೆ ಅನ್ನವಲ್ಲ. ಎಸರೆಲ್ಲ ಹಿಟ್ಟಿನೊಳಗೇ ಇಂಗಿ ತಟ್ಟೆಗೆ ಬರುತ್ತದೆ.